ಪೋರ್ಟೊಗೆ ಊಟದ ಆಸೆಯಿಂದ ಹೋಗುವವರು ಯಾವ ಏರಿಯಾದಲ್ಲಿ ರೂಮು ಹಿಡಿಯಬೇಕು?

ಪೋರ್ಚುಗಲ್‌ನ ಪೋರ್ಟೊ ಅಷ್ಟೇನೂ ದೊಡ್ಡ ಊರಲ್ಲ. ನಡುಪಟ್ಟಣವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯಲ್ಲಿ ನಡೆದುಬಿಡಬಹುದು. ಎಲ್ಲಿ ಇಳಿದುಕೊಂಡರೂ ಒಂದೇ ಎಂದುಕೊಂಡು ಬಹಳ ಜನ ಫೋಟೊಗಳಲ್ಲಿ ಕಾಣುವ ದೋರು ನದಿಯ ದಂಡೆಯನ್ನೇ ಬುಕ್ ಮಾಡುತ್ತಾರೆ. ನೋಡುವುದಕ್ಕೆ ಹೋಗುವವರಿಗೆ ಅದು ಸರಿ, ಉಣ್ಣುವುದಕ್ಕೆ ಹೋಗುವವರಿಗೆ ಸರಿಯಲ್ಲ.

ಏರಿಯಾ ಆರಿಸುವಾಗ ಹೀಗೆ ಯೋಚಿಸಿ. ಮಧ್ಯಾಹ್ನದ ಊಟಕ್ಕೆ ಮೆಟ್ರೊ ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು, ಹೊತ್ತೂ ಇರುತ್ತದೆ, ಕಾಲಲ್ಲಿ ಕಸುವೂ ಇರುತ್ತದೆ. ಬೆಳಗಿನ ಕಾಫಿ, ಮಾರ್ಕೆಟ್ಟು, ರಾತ್ರಿ ಹತ್ತಕ್ಕೆ ಊಟ ಮುಗಿಸಿ ಹಿಂತಿರುಗುವುದು, ಇವೆಲ್ಲ ನಡೆಯುವುದು ರೂಮಿನಿಂದ ಹತ್ತು ನಿಮಿಷದ ಅಳತೆಯೊಳಗೆ. ಹಾಗಾಗಿ ಎಲ್ಲಕ್ಕಿಂತ ಒಳ್ಳೆಯ ಮಧ್ಯಾಹ್ನದೂಟ ಎಲ್ಲಿ ಸಿಗುತ್ತದೆ ಎಂದು ನೋಡಿ ರೂಮು ಹಿಡಿಯಬೇಡಿ. ಬೆಳಗ್ಗೆ ಮತ್ತು ರಾತ್ರಿ ಎಲ್ಲಿ ಸಲೀಸು ಎಂಬುದನ್ನು ನೋಡಿ ಹಿಡಿಯಿರಿ.

ಬೊಲ್ಯಾಂವ್‌ನಿಂದ ಬೊನ್ಫಿಂವರೆಗಿನ ಪಟ್ಟಿ

ಹೆಚ್ಚಿನವರಿಗೆ ನಮ್ಮ ಉತ್ತರ ಇದೇ. ಬೊಲ್ಯಾಂವ್ ಮೆಟ್ರೊ ನಿಲ್ದಾಣದಿಂದ ಪೂರ್ವಕ್ಕೆ ಕಾಂಪೊ 24 ದೆ ಅಗೊಸ್ತೊ, ಅದರಾಚೆ ಎರೊಯಿಸ್ಮೊ. ಈ ಮೂರು ನಿಲ್ದಾಣಗಳ ಆಸುಪಾಸಿನಲ್ಲಿ ರೂಮು ಹುಡುಕಿ. ಎ, ಬಿ, ಸಿ, ಇ, ಎಫ್ ಲೈನುಗಳು ನಡುಪಟ್ಟಣದಲ್ಲಿ ಒಂದೇ ಹಳಿಯ ಮೇಲೆ ಓಡುತ್ತವೆ, ಈ ಮೂರೂ ನಿಲ್ದಾಣಗಳು ಆ ಹಳಿಯ ಮೇಲಿವೆ. ಹಾಗಾಗಿ ವಿಮಾನ ನಿಲ್ದಾಣದಿಂದ ಇ ಲೈನಿನಲ್ಲಿ, ಮೀನಿನ ಊಟದ ಮಾತೊಸಿನ್ಯೊಸ್‌ಗೆ ಎ ಲೈನಿನಲ್ಲಿ, ಲಿಸ್ಬನ್ ರೈಲು ಹೊರಡುವ ಕಂಪನ್ಯಾಂಗೆ ಯಾವುದರಲ್ಲಾದರೂ, ಎಲ್ಲೂ ಗಾಡಿ ಬದಲಿಸದೆ ಹೋಗಬಹುದು. ಸೂಟ್‌ಕೇಸ್ ಎಳೆದುಕೊಂಡು ಏರು ಹತ್ತುವ ಕಷ್ಟವೂ ತಪ್ಪುತ್ತದೆ.

ಬೊಲ್ಯಾಂವ್ ಮಾರ್ಕೆಟ್ 1914ರ ಕಟ್ಟಡ. ವರ್ಷಗಟ್ಟಲೆ ದುರಸ್ತಿ ನಡೆದು 2022ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು. ಒಳಗಡೆ ತರಕಾರಿ, ಹಣ್ಣು, ಚೀಸ್, ಮೀನು, ಆಲಿವ್, ಬ್ರೆಡ್ಡಿನ ಅಂಗಡಿಗಳಿವೆ. ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ. ಹತ್ತರೊಳಗೆ ಹೋದರೆ ಮನೆಗೆ ಸಾಮಾನು ಒಯ್ಯುವ ಸ್ಥಳೀಯರ ಜೊತೆ ನೀವೂ ನಿಧಾನವಾಗಿ ನೋಡಿ ಕೊಳ್ಳಬಹುದು, ಹನ್ನೊಂದರ ಮೇಲೆ ಪ್ರವಾಸಿಗರ ನೂಕುನುಗ್ಗಲು. ಭಾನುವಾರ ಮಾರ್ಕೆಟ್ ಇಲ್ಲ. ಶನಿವಾರ ರಾತ್ರಿ ಬಂದಿಳಿದು, ನಾಳೆ ಬೆಳಗ್ಗೆ ಮಾರ್ಕೆಟ್ ಎಂದುಕೊಂಡವರು ಮುಚ್ಚಿದ ಬಾಗಿಲು ನೋಡುತ್ತಾರೆ. ಇಲ್ಲಿ ತಪ್ಪದೆ ಕೊಳ್ಳಬೇಕಾದದ್ದು ಬ್ರೋವಾ ದೆ ಅವಿಂತೆಶ್, ಮೆಕ್ಕೆಜೋಳ ಮತ್ತು ರೈ ಹಿಟ್ಟಿನ ಕಪ್ಪಗಿನ, ಭಾರವಾದ ಬ್ರೆಡ್ಡು. ನದಿಯಾಚೆಯ ಅವಿಂತೆಶ್ ಹಳ್ಳಿಯ ಹೆಸರಿನದು. ತೆಳ್ಳಗೆ ಕುಯ್ಯಿಸಿಕೊಳ್ಳಿ, ಮೂರು ದಿನವಾದರೂ ಕೆಡುವುದಿಲ್ಲ.

ಊರಿನ ಹೆಸರುವಾಸಿ ಬಾಯಿರುಚಿಗಳು ಇಲ್ಲಿಂದ ನಡಿಗೆಯಲ್ಲೇ ಸಿಗುತ್ತವೆ. ಪಾಸುಸ್ ಮನುಯೆಲ್ ಬೀದಿಯ ಕಫೆ ಸಾಂತಿಯಾಗೊದಲ್ಲಿ ಫ್ರಾನ್ಸೆಸಿನ್ಯಾ, ಪೊವೈರುಸ್ ಚೌಕದ ಕಾಜಾ ಗೆದೆಶ್‌ನಲ್ಲಿ ಬೇಯಿಸಿದ ಹಂದಿಮಾಂಸ ತುಂಬಿದ ಬನ್ನು, ಬತಾಲ್ಯಾ ಚೌಕದ ಹತ್ತಿರದ ಗಜೇಲಾದಲ್ಲಿ ಸಣ್ಣಗೆ ಕತ್ತರಿಸಿ ಕೊಡುವ ಖಾರದ ಹಾಟ್‌ಡಾಗ್. ಫ್ರಾನ್ಸೆಸಿನ್ಯಾ ಎಂದರೆ ಬ್ರೆಡ್ಡಿನ ನಡುವೆ ದನದ ಮಾಂಸ, ಹ್ಯಾಮ್, ಸಾಸೇಜು ಇಟ್ಟು, ಮೇಲೆ ಚೀಸ್ ಕರಗಿಸಿ, ಬಿಯರ್ ಮತ್ತು ಟೊಮೆಟೊದ ಬಿಸಿ ಸಾಸ್ ಸುರಿದದ್ದು. ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧಾರವಾಗುವುದು ಸಾಸಿನಲ್ಲೇ. ಅದು ನೀರು ನೀರಾಗಿದ್ದರೆ ಬ್ರೆಡ್ಡು ಐದು ನಿಮಿಷದಲ್ಲಿ ಕರಗಿ ಗಂಜಿಯಾಗುತ್ತದೆ. ಒಂದು ತಟ್ಟೆ ಇಬ್ಬರಿಗೆ ಸಾಕು. ಮಧ್ಯಾಹ್ನ ತಿಂದರೆ ರಾತ್ರಿಯ ಹಸಿವು ಹೋಯಿತೆಂದೇ ಲೆಕ್ಕ, ಒಳ್ಳೆಯ ಹೋಟೆಲಿನಲ್ಲಿ ಟೇಬಲ್ ಕಾದಿರಿಸಿದ ದಿನ ಇದನ್ನು ಮುಟ್ಟಬೇಡಿ.

ಪೂರ್ವಕ್ಕೆ ಸಾಂವ್ ಲಾಜರು ತೋಟ ದಾಟಿ ಬೊನ್ಫಿಂ ಒಳಗೆ ಹೋದಂತೆ ಗಲಾಟೆ ಕಡಿಮೆಯಾಗುತ್ತದೆ. ಹಳೆಯ ತಾಶ್ಕಾಗಳು, ಅಂದರೆ ಮನೆಯೂಟದ ಸಣ್ಣ ಹೋಟೆಲುಗಳು, ಮತ್ತು ಎಳೆಯ ಅಡುಗೆಯವರ ಹೊಸ ಹೋಟೆಲುಗಳು ಇಲ್ಲಿ ಒಂದೇ ಬೀದಿಯಲ್ಲಿವೆ. ವಾರದ ದಿನಗಳಲ್ಲಿ ಮಧ್ಯಾಹ್ನ ಬಾಗಿಲ ಬಳಿ ಕಾಗದದ ಮೇಲೆ ಕೈಯಲ್ಲಿ ಬರೆದು ಅಂಟಿಸಿದ 'ಪ್ರಾತು ದು ದೀಯಾ' ಹುಡುಕಿ. ಅದು ಆ ದಿನದ ಊಟ. ಎಷ್ಟೋ ಕಡೆ ಸೂಪು, ಮುಖ್ಯ ತಟ್ಟೆ, ಕುಡಿಯಲು ಒಂದು, ಕೊನೆಗೆ ಕಾಫಿ ಎಲ್ಲ ಸೇರಿ 8ರಿಂದ 12 ಯೂರೊ. ಹನ್ನೆರಡೂವರೆಗೆ ಹೋಗಿ. ಒಂದೂವರೆಗೆ ಹೋದರೆ ಒಳ್ಳೆಯ ಪದಾರ್ಥ ಮುಗಿದಿರುತ್ತದೆ.

ನದಿದಂಡೆಯ ರಿಬೈರಾ

ಪೋರ್ಟೊದ ಐತಿಹಾಸಿಕ ಕೇಂದ್ರ 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಅದರಲ್ಲಿ ಎಲ್ಲರೂ ಮೊದಲು ನೋಡುವ ಭಾಗ ರಿಬೈರಾ. ಚೆಂದಕ್ಕೆ ಎರಡು ಮಾತಿಲ್ಲ. ಆದರೆ ನೀರಿನೆದುರಿನ ಸಾಲಿನಲ್ಲಿ ಊಟ ಕೈಕೊಡುತ್ತದೆ. ಒಮ್ಮೆ ಬಂದವರು ಮತ್ತೆ ಬರಲೇಬೇಕೆಂಬ ಒತ್ತಾಯ ಆ ಅಡುಗೆಮನೆಗಳಿಗಿಲ್ಲ. ಬಣ್ಣದ ಫೋಟೊ ಇರುವ ಮೆನು, ಬಾಗಿಲಲ್ಲಿ ನಿಂತು ಕರೆಯುವವರು, ಮಧ್ಯಾಹ್ನ ನಾಲ್ಕಕ್ಕೂ 'ಬಿಸಿ ಊಟ', ಈ ಮೂರರಲ್ಲಿ ಎರಡು ಕಂಡರೆ ಮುಂದೆ ನಡೆಯಿರಿ. ಅಸಲಿ ಅಡುಗೆಮನೆಗಳು ಸಾಮಾನ್ಯವಾಗಿ ಮೂರಕ್ಕೆ ಮುಚ್ಚಿ ಏಳೂವರೆಗೆ ತೆರೆಯುತ್ತವೆ.

ಇನ್ನೊಂದು ತೊಂದರೆ ಏರು. ರಿಬೈರಾದಿಂದ ಬತಾಲ್ಯಾಗೆ ಸುಮಾರು 60 ಮೀಟರ್ ಎತ್ತರ ಹತ್ತಬೇಕು. ಗಿಂದಾಯ್ಸ್ ಎಂಬ ಹಗ್ಗದ ರೈಲು ಇದೆ, ಆದರೆ ರಾತ್ರಿ ಬೇಗ ನಿಲ್ಲುತ್ತದೆ, ಟಿಕೆಟ್ಟೂ ದುಬಾರಿ. ಹತ್ತಿರದ ಮೆಟ್ರೊ ಸಾಂವ್ ಬೆಂತು, ಅದು ಡಿ ಲೈನು, ಮಿಕ್ಕೆಲ್ಲ ಕಡೆಗೂ ತ್ರಿಂದಾದೆಯಲ್ಲಿ ಬದಲಿಸಬೇಕು. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಇಲ್ಲಿ ರೂಮು ಬೇಡವೇ ಬೇಡ. ಸಂಜೆ ನಡೆದು ಬಂದು, ನೋಡಿ, ಊಟಕ್ಕೆ ಮೇಲೆ ಹೋಗಿ.

ಸೆದೊಫೈತಾ

ಸಸ್ಯಾಹಾರಿಗಳಿಗೆ ಇದು ಬೊಲ್ಯಾಂವ್‌ಗಿಂತ ಮೇಲು. ಕಲಾ ಗ್ಯಾಲರಿಗಳ ಮಿಗೆಲ್ ಬೊಂಬಾರ್ದಾ ಬೀದಿಯ ಸುತ್ತ ಸಸ್ಯಾಹಾರಿ ಹೋಟೆಲುಗಳೂ ಒಳ್ಳೆಯ ಬೇಕರಿಗಳೂ ಹತ್ತಿರ ಹತ್ತಿರ ಇವೆ, ರಸ್ತೆಯೂ ಹೆಚ್ಚು ಏರಿಳಿತವಿಲ್ಲದೆ ಸಮವಾಗಿದೆ. ಗಲೆರಿಯಾ ದೆ ಪ್ಯಾರಿಸ್ ಬೀದಿಯ ಕಡೆಗೆ ಸರಿದಷ್ಟೂ ಬಾರುಗಳ ಸದ್ದು. ಶುಕ್ರವಾರ, ಶನಿವಾರ ಬೆಳಗಿನ ಜಾವದವರೆಗೂ ನಿಲ್ಲುವುದಿಲ್ಲ. ಅಲ್ಲೇ ಉಳಿಯುವುದಾದರೆ ಹಿತ್ತಲ ಕಡೆಯ ರೂಮು ಕೇಳಿ.

ಮಾತೊಸಿನ್ಯೊಸ್: ಮೀನಿಗೆ ಹೋಗಿ, ಉಳಿಯುವುದು ಮೀನಿಗಾಗಿಯೇ ಬಂದವರು ಮಾತ್ರ

ಇದು ಪಕ್ಕದ ಬೇರೆಯೇ ಊರು, ಬಂದರು. ಎ ಲೈನಿನ 'ಮೆರ್ಕಾದೊ' ನಿಲ್ದಾಣದಲ್ಲಿ ಇಳಿದು ಎರೊಯಿಸ್ ದೆ ಫ್ರಾನ್ಸಾ ಬೀದಿಗೆ ನಡೆಯಿರಿ. ರಸ್ತೆಯಂಚಿನಲ್ಲೇ ಇದ್ದಿಲ ಒಲೆ ಹೂಡಿ ಮೀನು ಸುಡುವ ಹೋಟೆಲುಗಳ ಸಾಲು ಅದು. ಮಸಾಲೆ ಇಲ್ಲ. ಹರಳುಪ್ಪು, ಕೆಂಡ, ಆಲಿವ್ ಎಣ್ಣೆ, ಪಕ್ಕಕ್ಕೆ ಬೇಯಿಸಿದ ಆಲೂಗಡ್ಡೆ. ಕರಾವಳಿಯವರಿಗೆ ಮೊದಲ ತುತ್ತು ಸಪ್ಪೆ ಅನ್ನಿಸಬಹುದು. 'ಪಿರಿಪಿರಿ' ಎಂದು ಕೇಳಿದರೆ ಮೆಣಸಿನ ಎಣ್ಣೆ ತಂದಿಡುತ್ತಾರೆ, ಆದರೆ ಮೊದಲು ಹಾಗೆಯೇ ತಿಂದು ನೋಡಿ, ತಾಜಾ ಮೀನಿಗೆ ಇನ್ನೇನೂ ಬೇಕಿಲ್ಲ.

ಬಿಲ್ಲು ಕೈಮೀರುವುದು ಇಲ್ಲೇ. ಸೀ ಬಾಸ್, ಟರ್ಬಟ್‌ನಂಥ ಇಡೀ ಮೀನಿಗೆ ಮೆನುವಿನಲ್ಲಿರುವುದು ಕಿಲೋ ದರ, ತಟ್ಟೆಯ ದರವಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮೀನು ತೋರಿಸಿ, ಒಲೆಗೆ ಹಾಕುವ ಮೊದಲೇ ತೂಗಿಸಿ, ಮೊತ್ತ ಕೇಳಿ. ಇಬ್ಬರಿಗೆ 800 ಗ್ರಾಂನಿಂದ ಒಂದು ಕಿಲೋ ಸಾಕು. 'ದು ಮಾರ್' ಎಂದರೆ ಕಡಲಿನದು, 'ದೆ ವಿವೈರೊ' ಎಂದರೆ ಸಾಕಿದ್ದು. ದರದಲ್ಲಿ ದೊಡ್ಡ ಅಂತರವಿರುವುದರಿಂದ ಇದನ್ನು ಕೇಳಿಯೇ ಕೇಳಬೇಕು. ನಮ್ಮ ಬೂತಾಯಿಯ ದಾಯಾದಿ ಸಾರ್ದಿನ್ಯಾ ಕೊಬ್ಬೇರುವುದು ಬೇಸಿಗೆಯಲ್ಲಿ, ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಚಳಿಗಾಲದಲ್ಲಿ ಸಿಗುವುದು ಹೆಚ್ಚಾಗಿ ಫ್ರೀಜರಿನದು. ಭಾನುವಾರ ದೋಣಿಗಳು ಕಡಲಿಗಿಳಿಯದ ಕಾರಣ ಸೋಮವಾರ ಮೀನಿನ ಊಟ ಬೇಡ, ಎಷ್ಟೋ ಹೋಟೆಲುಗಳೂ ಅಂದು ಮುಚ್ಚಿರುತ್ತವೆ. ಮಂಗಳವಾರದಿಂದ ಶನಿವಾರದೊಳಗೆ ಹೋಗಿ. ಅದೇ ಊರಿನಲ್ಲಿ 1920ರಿಂದ ನಡೆಯುತ್ತಿರುವ ಪಿನ್ಯಾಯ್ಸ್ ಡಬ್ಬಿಮೀನಿನ ಕಾರ್ಖಾನೆಯನ್ನು ಟಿಕೆಟ್ ಕೊಂಡು ನೋಡಬಹುದು. ಇಂದಿಗೂ ಕೈಯಲ್ಲೇ ಮೀನು ಜೋಡಿಸಿ, ಕಾಗದ ಸುತ್ತುತ್ತಾರೆ.

ಇದರ ದಕ್ಷಿಣಕ್ಕಿರುವ ಫೋಜ್ ದು ದೋರು ಕಡಲಂಚಿನ ಸಿರಿವಂತರ ಏರಿಯಾ. ಮೆಟ್ರೊ ಇಲ್ಲ, 500ನೇ ನಂಬರಿನಂಥ ಬಸ್ಸುಗಳೇ ಗತಿ. ಮಕ್ಕಳೊಂದಿಗೆ ವಾರಗಟ್ಟಲೆ ಇರುವವರಿಗೆ ಹೊಂದುತ್ತದೆ, ಎರಡು ಮೂರು ದಿನದ ಊಟಪ್ರಿಯರಿಗೆ ದೂರವಾಯಿತು.

ನದಿಯಾಚೆಯ ಗಾಯಾ

ಪೋರ್ಟ್ ವೈನಿನ ಗೋದಾಮುಗಳೆಲ್ಲ ಇರುವುದು ಪೋರ್ಟೊದಲ್ಲಲ್ಲ, ಎದುರು ದಂಡೆಯ ವಿಲಾ ನೋವಾ ದೆ ಗಾಯಾದಲ್ಲಿ. ಉತ್ತರಕ್ಕೆ ಮುಖಮಾಡಿದ ಇಳಿಜಾರು, ಕಡಲಿನ ತಂಪು ತೇವ, ಪೀಪಾಯಿಯಲ್ಲಿ ವೈನು ನಿಧಾನವಾಗಿ ಹದವಾಗಲು ಇವೆರಡೂ ಬೇಕು. ವೈನೇ ಮುಖ್ಯವೆನ್ನುವವರು ಇಲ್ಲಿ ಉಳಿಯಬಹುದು, ಆದರೆ ನಕ್ಷೆಯಲ್ಲಿ ಎತ್ತರ ನೋಡಿ ಬುಕ್ ಮಾಡಿ. 1886ರ ಲುಯೀಸ್ ಸೇತುವೆಗೆ ಎರಡು ಅಂತಸ್ತು. ಮೆಟ್ರೊ ಹೋಗುವುದು ಮೇಲಿನದರಲ್ಲಿ, ಗೋದಾಮುಗಳಿರುವುದು ಕೆಳಗೆ. 'ಜಾರ್ದಿಂ ದು ಮೋರೊ ನಿಲ್ದಾಣಕ್ಕೆ 300 ಮೀಟರ್' ಎಂದು ತೋರಿಸುವ ರೂಮು ಕೆಳಗಿನ ದಂಡೆಯಲ್ಲಿದ್ದರೆ ಆ 300 ಮೀಟರ್ ಪೂರ್ತಿ ಏರು. ಪೋರ್ಟ್ ವೈನಿನಲ್ಲಿ ಆಲ್ಕೋಹಾಲ್ ಶೇಕಡಾ 20ರ ಆಸುಪಾಸು. ರುಚಿ ನೋಡಲು ದಿನಕ್ಕೆ ಎರಡು ಗೋದಾಮು ಸಾಕು, ಬರಿಹೊಟ್ಟೆಯಲ್ಲಿ ಹೋಗಬೇಡಿ.

ಮಾಂಸ, ಮೀನು ತಿನ್ನದವರಿಗೆ

'ಸೆಂ ಕಾರ್ನೆ', ಮಾಂಸ ಬೇಡ, ಎಂದಷ್ಟೇ ಹೇಳಿದರೆ ಮೀನು ಬರುತ್ತದೆ, ಕೆಲವು ಕಡೆ ಹ್ಯಾಮ್ ಚೂರೂ ಬರುತ್ತದೆ. 'ಸೆಂ ಕಾರ್ನೆ, ಸೆಂ ಪೈಶೆ, ಸೆಂ ಶೊರೀಸು', ಅಂದರೆ ಮಾಂಸ ಬೇಡ, ಮೀನು ಬೇಡ, ಸಾಸೇಜು ಬೇಡ, ಎಂದು ಮೂರನ್ನೂ ಹೇಳಿ. ಸೊಪ್ಪಿನ ಸೂಪು ಕಾಲ್ದು ವೆರ್ದೆ ಆಲೂಗಡ್ಡೆಯ ತಿಳಿಗಂಜಿಯಂತೆ ಹಿತವಾಗಿರುತ್ತದೆ, ಆದರೆ ಅದರಲ್ಲಿ ಸಾಸೇಜಿನ ಬಿಲ್ಲೆ ಹಾಕುವುದೇ ವಾಡಿಕೆ. ಬರಿ ಬಿಲ್ಲೆ ತೆಗೆದು ಕೊಡುತ್ತಾರೋ, ಸೂಪಿನ ಜೊತೆಗೇ ಬೇಯಿಸಿದ್ದಾರೋ ಕೇಳಿ. ಸಸ್ಯಾಹಾರಿ ಫ್ರಾನ್ಸೆಸಿನ್ಯಾ ಕೊಂಡರೆ ಸಾಸನ್ನೂ ಬೇರೆ ಮಾಡಿದ್ದಾರೋ ವಿಚಾರಿಸಿ, ಸಾಸಿಗೆ ಮಾಂಸದ ರಸ ಹಾಕುವವರು ಬಹಳ. ಸಂತಸದ ವಿಷಯವೊಂದಿದೆ: ಸೆರಾ ದಾ ಎಶ್ತ್ರೆಲಾ ಚೀಸ್ ಹೆಪ್ಪುಗಟ್ಟುವುದು ಕರುವಿನಂಥ ಪ್ರಾಣಿಗಳ ಹೊಟ್ಟೆಯಿಂದ ತೆಗೆಯುವ ರೆನೆಟ್‌ನಿಂದಲ್ಲ, ಕಾರ್ದೊ ಎಂಬ ಮುಳ್ಳುಗಿಡದ ಹೂವಿನಿಂದ.

ಅನ್ನವಿಲ್ಲದೆ ಆಗದವರು ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಸೂಪರ್‌ಮಾರ್ಕೆಟ್ಟುಗಳಲ್ಲಿ ಬಾಸ್ಮತಿ ಅಕ್ಕಿ, ಕೊತ್ತಂಬರಿ ಸೊಪ್ಪು, ಸಕ್ಕರೆ ಹಾಕದ ಮೊಸರು ಸಿಗುತ್ತವೆ. ಮೊಸರಿನ ಡಬ್ಬಿಯ ಮೇಲೆ 'ನತುರಾಲ್' ಎಂದು ಬರೆದಿರಬೇಕು. 'ಕರೊಲೀನು' ಎಂಬ ಅಕ್ಕಿ ಅಂಟಂಟು, ಬಿಸಿಬೇಳೆಬಾತಿಗೆ ಪರವಾಗಿಲ್ಲ, ಚಿತ್ರಾನ್ನಕ್ಕೆ ಬೇಡ.

ಬುಕ್ ಮಾಡುವ ಮುನ್ನ, ಕೂತು ಉಣ್ಣುವ ಮುನ್ನ

ಹಳೆಯ ಮನೆಗಳು ನಾಲ್ಕಂತಸ್ತು, ಕಿರಿದಾದ ಮರದ ಮೆಟ್ಟಿಲು. ಲಿಫ್ಟ್ ಇದೆಯೇ ಎಂದು ಬರೆದು ಕೇಳಿ. ಮೆಟ್ರೊ ಬೆಳಗ್ಗೆ ಆರರಿಂದ ರಾತ್ರಿ ಒಂದರವರೆಗೆ. ಅದಾದ ಮೇಲೆ ಇಳಿಯುವ ವಿಮಾನವಾದರೆ ಟ್ಯಾಕ್ಸಿ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೆಟ್ರೊ ಟಿಕೆಟ್ ತುಂಬಿಸುವ ಆಂದಾಂತೆ ಕಾರ್ಡು ತಲೆಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ವಿಮಾನ ನಿಲ್ದಾಣದಿಂದ ನಡುಪಟ್ಟಣಕ್ಕೆ ಝಡ್4, ಅಂದರೆ ನಾಲ್ಕು ವಲಯಗಳ ಟಿಕೆಟ್. ಹತ್ತುವಾಗಲೂ, ಲೈನು ಬದಲಿಸುವಾಗಲೂ ಹಳದಿ ಯಂತ್ರಕ್ಕೆ ತಾಗಿಸಬೇಕು, ಮರೆತರೆ ದಂಡ. ಪೋರ್ಟೊ ನಗರದ ಪ್ರವಾಸಿ ತೆರಿಗೆ 2024ರ ಡಿಸೆಂಬರಿನಿಂದ ತಲೆಗೆ ರಾತ್ರಿಗೆ 3 ಯೂರೊ, ಹೆಚ್ಚೆಂದರೆ ಏಳು ರಾತ್ರಿ. ರೂಮಿನ ದರದಲ್ಲಿ ಅದು ಸೇರಿರುವುದು ಅಪರೂಪ.

ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಅದು 'ಕುವೆರ್', ಪುಕ್ಕಟೆಯಲ್ಲ. ಕೇಳದ, ಮುಟ್ಟದ ಪದಾರ್ಥಕ್ಕೆ ದುಡ್ಡು ಹಾಕುವಂತಿಲ್ಲ ಎಂದು ಪೋರ್ಚುಗಲ್ ಕಾನೂನಿದೆ, ಆದ್ದರಿಂದ ಬೇಡವಾದರೆ ಮುಟ್ಟದೆ ವಾಪಸು ಕಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೆನುವಿನಲ್ಲಿ 'ಮೆಯಾ ದೋಜೆ' ಎಂದರೆ ಅರ್ಧ, ಒಬ್ಬರಿಗೆ ಅದೇ ಧಾರಾಳ.

ಜೂನ್ 23ರ ರಾತ್ರಿ ಸಾಂವ್ ಜುವಾಂವ್ ಹಬ್ಬ. ಊರಿಗೆ ಊರೇ ಬೀದಿಯಲ್ಲಿ ಸಾರ್ದಿನ್ಯಾ ಸುಡುತ್ತದೆ. ಆ ವಾರಕ್ಕೆ ಹೋಗುವವರು ತಿಂಗಳುಗಳ ಮೊದಲೇ ರೂಮು ಹಿಡಿಯಬೇಕು. ಅಂದು ನದಿದಂಡೆ ತುಂಬಿ ತುಳುಕುವುದರಿಂದ, ನಿದ್ದೆ ಬೇಕಾದವರು ಎರೊಯಿಸ್ಮೊಗಿಂತ ಅದಕ್ಕೆ ಹತ್ತಿರದಲ್ಲಿ ರೂಮು ಹುಡುಕದಿರುವುದೇ ಲೇಸು.