ಮೇಕೆದಾಟಿಗೆ ಹೋದರೆ ಮೊದಲು ಕೂತ್ಕೊಳ್ಳಿ

ಮೇಕೆದಾಟು ಅಂದರೆ ನಮ್ಮ ಮಳವಳ್ಳಿ ಕಡೆ ಅಣೆಕಟ್ಟಿನ ಜಗಳ, 2022ರ ಪಾದಯಾತ್ರೆ ಇವೇ ಮೊದಲು ಬಾಯಿಗೆ ಬರೋದು. ಅದನ್ನು ಪಕ್ಕಕ್ಕಿಡಿ. ಬೆಂಗಳೂರಿಂದ ಬರುವ ನೆಂಟರ ಮಕ್ಕಳು "ಮಾವ, ಎಲ್ಲಾದ್ರೂ ಟ್ರೆಕ್ಕಿಂಗ್ ಕರ್ಕೊಂಡು ಹೋಗಿ" ಅಂದರೆ ನಾನು ಹಲಗೂರು, ಸಾತನೂರು ದಾಟಿ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ದಾರಿ ಹಿಡಿಯುತ್ತೇನೆ. ಎಷ್ಟು ಪೂಜೆ ಮಾಡಿದರೂ ಅಲ್ಲಾಡದ ನನ್ನ ಮನಸ್ಸು ಅಲ್ಲಿಂದಾಚೆ, ಮೇಕೆದಾಟಿನ ಕಾವೇರಿ ಕಣಿವೆಯಲ್ಲಿ ಅಲ್ಲಾಡಿದೆ.

ಕಾಲ ನೋಡಿ ಹೊರಡಿ. ಕನ್ನಂಬಾಡಿ, ಕಬಿನಿ ತುಂಬಿ ನೀರು ಬಿಟ್ಟಾಗ ಅತ್ತ ತಲೆ ಹಾಕಬೇಡಿ. ಆಗೇನಿದ್ದರೂ ಗಗನಚುಕ್ಕಿಯ ಕಂಬಿ ಹಿಂದೆ ನಿಂತು ನೋಡುವುದೇ ಸರಿ. ಕಣಿವೆಗೆ ಶಿವರಾತ್ರಿ ಆಸುಪಾಸು ಒಳ್ಳೆಯದು. ನೀರು ಇಳಿದಿರುತ್ತೆ, ಬಂಡೆ ಇನ್ನೂ ಕೆಂಡವಾಗಿರಲ್ಲ. ಸಂಗಮದಲ್ಲಿ ಅರ್ಕಾವತಿ ದಾಟಿದ ಮೇಲೆ ಸುಮಾರು 4 ಕಿಲೋಮೀಟರ್ ಕಾಡುದಾರಿ. ಬಸ್ ಸಿಗುತ್ತೆ. ಆದರೆ ಇದು ಕಾವೇರಿ ವನ್ಯಜೀವಿ ಧಾಮ. ಆನೆ ಇಲ್ಲ, ನಡೀಬಹುದು ಅಂತ ಅರಣ್ಯದವರು ಹೇಳಿದರೆ ನಡೆದೇ ಹೋಗಿ. ಹೊಳೆಮತ್ತಿ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಕಂಡರೆ ನಿಮ್ಮ ಅದೃಷ್ಟ.

ತಲುಪಿದ ತಕ್ಷಣ ಎಲ್ಲರೂ ಮಾಡೋದು ಅಂಚಿಗೆ ಓಡಿ ಸೆಲ್ಫಿ. ಬೇಡ. ಅಂಚಿನಿಂದ ದೂರ, ಒಣಗಿದ ಬಂಡೆ ಹುಡುಕಿ ಕೂತ್ಕೊಳ್ಳಿ, ಮಾತು ನಿಲ್ಲಿಸಿ. ಮೇಲೆ ಅಗಲಕ್ಕೆ ಹರಡಿಕೊಂಡು ಬಂದ ಕಾವೇರಿ ಇಲ್ಲಿ ಬಂಡೆ ಸಂದಿಗೆ ನುಗ್ಗಿ ಹೋಗುತ್ತಾಳೆ. ಸದ್ದು ಮೊದಲು ಒಂದೇ ಭೋರ್ಗರೆತ. ಸ್ವಲ್ಪ ಹೊತ್ತಿಗೆ ಅದರೊಳಗೇ ಬೇರೆ ಬೇರೆ ಸದ್ದು ಕೇಳೋಕೆ ಶುರುವಾಗುತ್ತೆ.

ಆಮೇಲೆ ದೂರದ ನೋಟ ಬಿಟ್ಟು ಕಾಲಬುಡ ನೋಡಿ. ಬಂಡೆ ತುಂಬ ಗುಂಡಗಿನ ಗುಳಿಗಳು. ಒಣಗಿದ ಒಂದಕ್ಕೆ ಮೊಣಕೈವರೆಗೂ ಕೈ ಇಳಿಸಿದ್ದೆ: ಒಳಗೋಡೆ ಅಜ್ಜಿಯ ಒರಳಿನಷ್ಟು ನುಣುಪು, ತಳದಲ್ಲಿ ತಣ್ಣಗೆ ಎರಡು ಗುಂಡುಕಲ್ಲು. ಅವೇ ಕೆಲಸಗಾರರು. ಪ್ರವಾಹದ ಸುಳಿ ಸಣ್ಣ ತಗ್ಗಿಗೆ ಕಲ್ಲು ಬೀಳಿಸಿ ಗರಗರ ತಿರುಗಿಸುತ್ತೆ, ಕಲ್ಲು ಬಂಡೆಯನ್ನೂ ಸವೆಸಿ ತಾನೂ ಸವೆಯುತ್ತೆ. ಬಂಡೆಯ ವಯಸ್ಸೋ, 250 ಕೋಟಿ ವರ್ಷದ ಆಜುಬಾಜು. ನಾನು ನಾಲೆಯ ಕೊನೆಭಾಗದ ಕಬ್ಬಿನವನು. ಸರದಿ ನೀರು ನಾಕು ದಿನ ತಡವಾದರೆ ಊರೆಲ್ಲ ಕೇಳೋ ಹಾಗೆ ಬೈಯುತ್ತೇನೆ. ಅದೇ ಕಾವೇರಿ ಇಲ್ಲಿ ಯಾವ ಅವಸರವೂ ಇಲ್ಲದೆ ಬಂಡೆ ಕೊರೆದಿದ್ದಾಳೆ. ಕೈ ಮುಗಿದದ್ದು ಆಗಲೇ, ಯಾರೂ ಹೇಳದೆ. ಗುಂಡುಕಲ್ಲನ್ನು ಮಾತ್ರ ಚೀಲಕ್ಕೆ ಹಾಕ್ಕೋಬೇಡಿ, ಅದರ ಕೆಲಸ ಮುಗಿದಿಲ್ಲ.

ಮಂತ್ರ ಬಂದರೆ ಹೇಳ್ಕೊಳ್ಳಿ, ಬರದಿದ್ದರೆ ಸುಮ್ಮನಿರಿ. ಕರ್ಪೂರ, ಪ್ಲಾಸ್ಟಿಕ್ ಕವರಿನ ಹೂವು ತರಬೇಡಿ. ಮೊಬೈಲಲ್ಲಿ ಓಂಕಾರ ಹಾಕುವವರಿಗೆ ನನ್ನ ದೊಡ್ಡ ನಮಸ್ಕಾರ!

ನೀರಿಗೆ ಮಾತ್ರ ಇಳಿಯಲೇಬೇಡಿ. ಸುಳಿಗೆ ಈಜುಗಾರ ಅನ್ನೋ ಮರ್ಯಾದೆಯಿಲ್ಲ, ಹೊಳೆಯಲ್ಲಿ ಮೊಸಳೆಯೂ ಇದೆ. ಪಾಚಿ ಕಟ್ಟಿದ ಬಂಡೆ ಮೇಲೆ ಎಂಥ ಶೂ ಆದರೂ ಜಾರುತ್ತೆ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಬ್ಬರಿಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಬಿಸಿಲು ನೆತ್ತಿಗೆ ಬರೋ ಮೊದಲು ಎದ್ದುಬಿಡಿ. ವಾಪಸ್ಸಿಗೆ ಬಸ್ ಹತ್ತಿದರೆ ಯಾರೂ ಏನೂ ಅಂದುಕೊಳ್ಳಲ್ಲ.