ಜ್ವರ ಬಿಡದ ರೋಗಿಯ ಚರ್ಮದಲ್ಲಿ ಶಿಲೀಂಧ್ರದ ಗುರುತು: ನಾನು ನೋಡುವ ಕ್ರಮ

ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿದು ವಾರ ದಾಟಿದೆ, ಆಂಟಿಬಯಾಟಿಕ್ ಶುರುವಾಗಿ ನಾಲ್ಕೈದು ದಿನವಾದರೂ ಜ್ವರ ಬಿಟ್ಟಿಲ್ಲ. ಇಂಥ ರೋಗಿಯ ಮೈಯನ್ನು ನಾನು ದಿನಕ್ಕೊಮ್ಮೆ ಬಟ್ಟೆ ಸರಿಸಿ ಪೂರ್ತಿ ನೋಡುತ್ತೇನೆ: ಬೆನ್ನು, ಕಂಕುಳು, ನೆತ್ತಿ, ಮೂಗಿನ ಹೊಳ್ಳೆ, ಬಾಯಿಯ ಅಂಗುಳು, ಕಾಲ್ಬೆರಳ ಸಂದು, ಕ್ಯಾನುಲಾದ (ರಕ್ತನಾಳಕ್ಕೆ ಚುಚ್ಚಿಟ್ಟ ನಳಿಕೆಯ) ಪ್ಲಾಸ್ಟರಿನ ಅಡಿ. ಗುಳ್ಳೆ ಎದ್ದಿದೆಯೇ ಎಂದು ಕೇಳಿದರೆ ಸಾಲದು. ಬೆನ್ನ ಮೇಲಿನದು ರೋಗಿಗೇ ಗೊತ್ತಿರುವುದಿಲ್ಲ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು, ನೇರಳೆಯಾಗಿಯೋ ಕಂದಾಗಿಯೋ ತೋರುತ್ತದೆ. ಅದಕ್ಕೇ ಟಾರ್ಚನ್ನು ಓರೆಯಾಗಿ ಹಿಡಿದು, ಬೆರಳಿಂದ ಸವರುತ್ತೇನೆ. ಏನಾದರೂ ಸಿಕ್ಕರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುತ್ತೇನೆ.

ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ರಕ್ತಕ್ಕಿಳಿದಾಗ ಕೆಲವರಲ್ಲಷ್ಟೇ ಚರ್ಮ ಸುಳಿವು ಕೊಡುತ್ತದೆ: ಮೈಮೇಲೆ ಬಿಡಿಬಿಡಿಯಾಗಿ ಕೆಲವೇ ಮಿಲಿಮೀಟರಿನ ಗುಳ್ಳೆಗಳು, ಕೆಲವಕ್ಕೆ ನಡುವೆ ಬಿಳಿಚು. ಜೊತೆಗೆ ಮಾಂಸಖಂಡ ಮುಟ್ಟಿದರೂ ನೋವೆಂದರೆ ಅನುಮಾನ ಗಟ್ಟಿಯಾಗುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದವರಲ್ಲಿ ಇವುಗಳೊಳಗೆ ರಕ್ತ ಒಸರಿ, ಬರೀ ರಕ್ತದ ಚುಕ್ಕೆಗಳೆಂದು ಬಿಟ್ಟುಬಿಡುವುದುಂಟು. ಆ ಚುಕ್ಕೆ ಬೆರಳಿಗೆ ಸಿಗದು, ಈ ಗುಳ್ಳೆ ಸಿಗುತ್ತದೆ.

ಫ್ಯುಸೇರಿಯಂ ಎಂಬ ಎಳೆ ಶಿಲೀಂಧ್ರದ ಗಂಟುಗಳು ನೋಯುತ್ತವೆ, ನಡುವೆ ಕಪ್ಪಾಗುತ್ತವೆ, ಒಂದೇ ಮೈಮೇಲೆ ಹೊಸವು ಹಳೆಯವು ಒಟ್ಟಿಗಿರುತ್ತವೆ. ಅವನ್ನು ಕಂಡ ಕೂಡಲೇ ಕಾಲಿನ ಹೆಬ್ಬೆರಳ ಉಗುರು ನೋಡಿ; ಉಗುರುಸುತ್ತಿನಿಂದಲೇ ಎಷ್ಟೋ ಸಲ ಅದು ಒಳಹೊಕ್ಕಿರುತ್ತದೆ. ಇದು ರಕ್ತದ ಕಲ್ಚರಿನಲ್ಲಿ (ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಆಗಾಗ ಬೆಳೆಯುತ್ತದೆ, ಆದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲ ಸ್ಟೇನ್‌ನಲ್ಲಿ ಯೀಸ್ಟ್‌ನಂತೆ ಕಾಣಬಹುದು. ಆ ವರದಿ ನಂಬಿ ಕ್ಯಾಂಡಿಡಾಗೆ ಕೊಡುವ ಎಕಿನೋಕ್ಯಾಂಡಿನ್ ಔಷಧ ಒಂದನ್ನೇ ಕೊಟ್ಟರೆ ಫ್ಯುಸೇರಿಯಂಗೆ ಏನೂ ಆಗುವುದಿಲ್ಲ. ಅಸ್ಪರ್ಜಿಲಸ್, ಮ್ಯೂಕರ್ ಎಂಬ ಎಳೆ ಶಿಲೀಂಧ್ರಗಳ ಮಾತು ಬೇರೆ: ರಕ್ತದ ಕಲ್ಚರಿನಲ್ಲಿ ಸಿಗುವುದೇ ಅಪರೂಪ. ಇವು ಚರ್ಮಕ್ಕೆ ಹತ್ತಿದರೆ ಪ್ಲಾಸ್ಟರಿನಡಿಯ ನೇರಳೆ ಮಚ್ಚೆ ಬೊಬ್ಬೆಯಾಗಿ, ಕಪ್ಪು ಹೆಕ್ಕಳೆಯಾಗುತ್ತದೆ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಹುಣ್ಣೂ ಹೀಗೇ ಇರುವುದರಿಂದ, ಬರಿಗಣ್ಣಿನ ತೀರ್ಪು ನಂಬದೆ ಆ ಬ್ಯಾಕ್ಟೀರಿಯಾದ ಔಷಧವನ್ನೂ ಮುಂದುವರಿಸುತ್ತೇನೆ.

ಎಚ್‌ಐವಿ ಇರುವವರ ಮುಖದಲ್ಲಿ ನಡುವೆ ಗುಳಿಬಿದ್ದ ಗುಳ್ಳೆಗಳಿದ್ದರೆ ಮೊಲಸ್ಕಂ (ವೈರಸ್‌ನಿಂದಾಗುವ ಗುಳ್ಳೆ) ಎಂದು ಕೈಬಿಡುವ ಮೊದಲು ರಕ್ತದಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ ಆಂಟಿಜೆನ್ (ಗುರುತಿನ ಅಂಶ) ಪರೀಕ್ಷೆ ಕೇಳಿ.

ಬಯಾಪ್ಸಿ ಅಂದೇ ಆಗಬೇಕು. ಎರಡು 4 ಮಿ.ಮೀ. ಪಂಚ್ (ದುಂಡು ಅಲಗಿನಿಂದ ತೆಗೆದ ಚರ್ಮದ ತುಣುಕು), ಕೊಬ್ಬಿನ ಪದರ ಮುಟ್ಟುವಷ್ಟು ಆಳ, ಏಕೆಂದರೆ ಶಿಲೀಂಧ್ರದ ಎಳೆಗಳು ಹೊಕ್ಕ ರಕ್ತನಾಳಗಳು ಆಳದಲ್ಲಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಒಂದು ತುಣುಕು ಫಾರ್ಮಲಿನ್‌ಗೆ, ಕಲ್ಚರಿಗೆ ಇನ್ನೊಂದು ಸ್ಟೆರೈಲ್ ಸಲೈನ್‌ಗೆ. ಹೆಚ್ಚು ಕೆಡುವುದು ಇಲ್ಲೇ: ಕೈಗೆ ಸಿಕ್ಕ ಫಾರ್ಮಲಿನ್ ಬಾಟಲಿಗೆ ಎರಡೂ ಬಿದ್ದರೆ ಶಿಲೀಂಧ್ರ ಸತ್ತು ಕಲ್ಚರ್ ಮುಗಿಯಿತು. ಸಲೈನ್ ಬಾಟಲಿಗೆ ಲೇಬಲ್ ಅಂಟಿಸಿದ ಮೇಲೇ ನಾನು ಪಂಚ್ ಎತ್ತಿಕೊಳ್ಳುವುದು. ಪ್ಲೇಟ್‌ಲೆಟ್ ಕಡಿಮೆಯೆಂದು ಮುಂದೂಡುವುದಿಲ್ಲ. ಹೊಲಿಗೆ ಹಾಕಿ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ.

ಲ್ಯಾಬ್ ಚೀಟಿಯಲ್ಲಿ ‘ಮ್ಯೂಕರ್ ಶಂಕೆ, ಅರೆಯಬೇಡಿ, ಸಣ್ಣಗೆ ಕತ್ತರಿಸಿ’ ಎಂದು ಬರೆಯುತ್ತೇನೆ. ಅರೆದರೆ ಅದರ ಎಳೆಗಳು ಒಡೆದು ಸಾಯುತ್ತವೆ, ಪ್ಲೇಟಿನಲ್ಲಿ ಏನೂ ಬೆಳೆಯುವುದಿಲ್ಲ. ಕೆಒಎಚ್ ತಯಾರಿಯ (ತುಣುಕನ್ನು ಕ್ಷಾರದಲ್ಲಿ ಕರಗಿಸಿ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಫಲಿತಾಂಶಕ್ಕೆ ಫೋನ್ ಮಾಡಿ ಕೇಳಿ, ಅದು ಅಂದೇ ಸಿಗುತ್ತದೆ. ಅಗಲವಾದ, ಪಟ್ಟಿಯಂಥ, ಅಡ್ಡಗೋಡೆ ಅಪರೂಪವಾದ ಎಳೆಗಳೆಂದರೆ ಮ್ಯೂಕರ್ ಗುಂಪು: ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರನಾಶಕ, ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂನಿಂದ ಮೇಲೆ, ಮತ್ತು ಆಗಲೇ ಸರ್ಜನ್‌ಗೆ ಕರೆ. ವೊರಿಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಇದಕ್ಕೆ ಕೆಲಸ ಮಾಡುವುದಿಲ್ಲ. ಸಣ್ಣಗೆ, ಅಡ್ಡಗೋಡೆಗಳಿದ್ದು ಓರೆಯಾಗಿ ಕವಲೊಡೆದಿದ್ದರೆ ಅಸ್ಪರ್ಜಿಲಸ್ ಇರಬಹುದು, ಫ್ಯುಸೇರಿಯಂ ಇರಬಹುದು. ಅದನ್ನು ಬಿಡಿಸಿ ಹೇಳಬೇಕಾದ್ದು ಸಲೈನ್ ಬಾಟಲಿಯ ತುಣುಕು.

ಕಪ್ಪು ಹೆಕ್ಕಳೆ ಪೆನ್ನಿನ ಗೆರೆಯನ್ನು ಕೆಲವೇ ಗಂಟೆಗಳಲ್ಲಿ ದಾಟಿದ್ದರೆ ನಾನು ವರದಿಗೆ ಕಾಯದೆ ಆಂಫೊಟೆರಿಸಿನ್ ಶುರು ಮಾಡುತ್ತೇನೆ.