ಎರೆ ಇಡದೆ, ಅಟ್ಟದೆ ತೋಟದ ಬದಿಯಲ್ಲಿ ಕ್ಯಾಮೆರಾ ಟ್ರ್ಯಾಪ್: ನನ್ನ ಅನುಭವ

"ಎರೆ ಇಲ್ಲದೆ ಯಾವ ಪ್ರಾಣಿ ಬರ್ತದೆ ಮಾರಾಯ್ರೇ?" ಎಂದು ಕೇಳಿದವರಿಗೆ ತೋರಿಸಲು ಈಗ ಒಂದು ಹಾರ್ಡ್‌ಡಿಸ್ಕ್ ತುಂಬ ಉತ್ತರ ಉಂಟು. ಕ್ಯಾಮೆರಾ ಟ್ರ್ಯಾಪ್ ಎಂದರೆ ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ. ಜಾಗ ಕಾರ್ಕಳ, ಹೆಬ್ರಿ ಕಡೆಯ ಅಡಿಕೆ ತೋಟಗಳು, ಅವುಗಳ ಹಿಂದಿನ ಹಾಡಿ (ಸಣ್ಣ ಕಾಡು), ತೋಡಿನ (ಸಣ್ಣ ಹಳ್ಳದ) ಬದಿ. ಮೂರು ವರ್ಷ, ಲೆಕ್ಕ ಹಾಕಿದರೆ ಸುಮಾರು ಆರುನೂರು ರಾತ್ರಿ. ಚಿರತೆ, ಪುನುಗು ಬೆಕ್ಕು, ಮುಳ್ಳುಹಂದಿ, ಬರಿಂಕ (ಮೊಲದಷ್ಟು ಪುಟ್ಟ, ಜಿಂಕೆಯಂಥ ಪ್ರಾಣಿ), ನೀರುನಾಯಿ ಎಲ್ಲ ಸಿಕ್ಕಿವೆ. ಒಂದಕ್ಕೂ ಹಲಸಿನ ತೊಳೆ ಇಟ್ಟಿಲ್ಲ, ಕೋಳಿಯ ಕರುಳು ಕಟ್ಟಿಲ್ಲ, ಮೊಬೈಲಿನಲ್ಲಿ ಕೂಗು ಹಾಕಿಲ್ಲ. ಎರೆ ಇಟ್ಟು ತೆಗೆದವರ ಚಿತ್ರಗಳ ಪಕ್ಕ ನನ್ನವನ್ನು ಇಟ್ಟು ನೋಡಿ. ನನ್ನ ಪುನುಗು ನೆಲ ಮೂಸುತ್ತ ಬಾಲ ಇಳಿಬಿಟ್ಟು ನಡೆಯುತ್ತದೆ. ಅವರದು ಕ್ಯಾಮೆರಾ ಕಡೆಗೆ ಕತ್ತೆತ್ತಿ, ಬಾಯಲ್ಲಿ ತುತ್ತು ಕಚ್ಚಿ ನಿಂತಿರುತ್ತದೆ.

ಎರೆಯ ವಿಚಾರದಲ್ಲಿ ಕಾನೂನು ಬಹಳ ಸ್ಪಷ್ಟ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದಿಲ್ಲ, ಅಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2(16)ನೇ ಕಲಮಿನಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ಅಟ್ಟುವುದು, ಎರೆ ಇಡುವುದು, ಇವುಗಳಿಗೆ ಯತ್ನಿಸುವುದು ಕೂಡ ಅದರೊಳಗೇ ಬರುತ್ತದೆ. ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆ, ಗೂಡು ಕೆದಕುವುದೂ ಅಲ್ಲೇ ಇದೆ. ಫೋಟೋಕ್ಕಾಗಿ ಇಟ್ಟ ಎರೆ ಬೇರೆ ಎಂದು ಆ ಸಾಲುಗಳಲ್ಲಿ ಎಲ್ಲಿಯೂ ಇಲ್ಲ.

ಕಾನೂನಿಗಿಂತ ದೊಡ್ಡ ಕಾರಣ ಉರುಳು. ಎರಡು ವಾರ ಒಂದೇ ಜಾಗದಲ್ಲಿ ಹಲಸು ಇಟ್ಟರೆ ಕಾಡುಹಂದಿ ಹೊತ್ತಿಗೆ ಸರಿಯಾಗಿ ಬರಲು ಕಲಿಯುತ್ತದೆ, ಮನುಷ್ಯರ ವಾಸನೆಗೆ ಹೆದರುವುದನ್ನು ಬಿಡುತ್ತದೆ. ಉರುಳು ಹಾಕಲು ಬೈಕಿನ ಕ್ಲಚ್ ಕೇಬಲ್ ಹಿಡಿದು ತಿರುಗುವವನಿಗೆ ಬೇಕಾದದ್ದು ಅದೇ. ಕೆಲಸ ಅರ್ಧ ಮುಗಿಸಿ ಅವನ ಕೈಗೆ ಕೊಟ್ಟ ಹಾಗಾಯಿತು. ಹಂದಿಗೆ ಹಾಕಿದ ಉರುಳಿಗೆ ಚಿರತೆ ಬೀಳುವುದನ್ನು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯವರು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ.

ನಮ್ಮ ಉಪಕರಣಗಳೆಲ್ಲ ಬೇಟೆಯಿಂದಲೇ ಬಂದವು ಎಂಬುದನ್ನು ಮರೆಯಬಾರದು. ಅಮೆರಿಕದ ಜಾರ್ಜ್ ಶಿರಾಸ್ ಮೊದಲು ಬೇಟೆಗಾರ. ರಾತ್ರಿ ದೋಣಿಯಲ್ಲಿ ದೀಪ ಹಿಡಿದು ಜಿಂಕೆಯ ಕಣ್ಣು ಕಟ್ಟುವ ಬೇಟೆಯ ಉಪಾಯವನ್ನೇ ಆತ ಕ್ಯಾಮೆರಾಕ್ಕೆ ಬಳಸಿದ. ಆ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್‌ನಲ್ಲಿ ಬಂದವು. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಉತ್ತರ ಭಾರತದ ಕಾಡಿನ ದಾರಿಗೆ ಅಡ್ಡ, ಕಾಲು ತಾಗಿದರೆ ಕ್ಲಿಕ್ ಆಗುವ ತಂತಿ ಕಟ್ಟಿ ಹುಲಿಯ ಚಿತ್ರ ತೆಗೆದರು. ನಮ್ಮ ಪುತ್ತೂರಿನ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಯ ಪಟ್ಟೆ ನೋಡಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ ಬಳಸಿದರು. ದೀಪ, ತಂತಿ, ಎರೆ, ಅಟ್ಟುವುದು ಎಂಬ ನಾಲ್ಕರಲ್ಲಿ ನಾನು ಉಳಿಸಿಕೊಂಡದ್ದು ತಂತಿಯ ಬದಲಿಗೆ ಬಂದ ಸೆನ್ಸರ್ ಮತ್ತು ಬಹಳ ಕಡಿಮೆ ಮಾಡಿದ ದೀಪ.

ಈಗ ದುಡ್ಡಿನ ವಿಷಯ. ಮೊದಲು ಕೊಂಡದ್ದು ಆರೂವರೆ ಸಾವಿರದ ಅಗ್ಗದ ಟ್ರಯಲ್ ಕ್ಯಾಮೆರಾ ಎರಡು. ಎರಡೂ ದಂಡ. ಪ್ರಾಣಿ ಬಂದ ಮೇಲೆ ಒಂದು ಸೆಕೆಂಡು ತಡೆದು ಕ್ಲಿಕ್ ಆಗುತ್ತಿದ್ದವು, ನನಗೆ ಸಿಕ್ಕಿದ್ದು ಬರೀ ಬಾಲ. ನಂತರ ಹದಿನಾರು ಸಾವಿರದ್ದೊಂದು, 940 ನ್ಯಾನೋಮೀಟರ್ ಇನ್‌ಫ್ರಾರೆಡ್ ಬೆಳಕಿನದು. 850ರದ್ದಾದರೆ ಕತ್ತಲಲ್ಲಿ ಕೆಂಪು ಚುಕ್ಕಿಗಳು ಕಾಣುತ್ತವೆ, ಚಿರತೆ ಅದನ್ನು ನೋಡಿ ನಿಲ್ಲುತ್ತದೆ. 940ರಲ್ಲಿ ಏನೂ ಕಾಣದು, ಆದರೆ ಬೆಳಕು ದೂರ ಹೋಗುವುದಿಲ್ಲ. ನಾಲ್ಕು ಮೀಟರ್ ಆಚೆಗೆ ಆಸೆ ಬೇಡ.

ಬಣ್ಣದ ಚಿತ್ರಕ್ಕೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 1200ಡಿ, ಕಿಟ್ ಲೆನ್ಸ್ ಸಹಿತ ಹದಿನಾಲ್ಕು ಸಾವಿರ. ಹಳೆಯ ನಿಕಾನ್ ಎಸ್‌ಬಿ-28 ಫ್ಲ್ಯಾಶ್ ಎರಡು. ಈ ಕೆಲಸಕ್ಕೆ ಅದನ್ನು ಮೀರಿಸಿದ್ದು ನನಗೆ ಕಂಡಿಲ್ಲ, ನಿದ್ದೆಯಿಂದ ತಟ್ಟನೆ ಏಳುತ್ತದೆ, ಸೆಲ್ ವಾರಗಟ್ಟಲೆ ಬರುತ್ತದೆ. ಪೆಟ್ಟಿಗೆ, ಸೆನ್ಸರ್, ವಯರ್ ಎಲ್ಲ ಸೇರಿ ನಲವತ್ತೈದು ಸಾವಿರದ ಹತ್ತಿರ ಹೋಗಿದೆ. ಸೆಟ್ಟಿಂಗ್: ಎಫ್/8, 1/160, ಐಎಸ್‌ಒ 800, ಫೋಕಸ್ ಕೈಯಲ್ಲಿ ಹಿಡಿದು ರಿಂಗಿಗೆ ಟೇಪ್, ಫ್ಲ್ಯಾಶ್ 1/16. ಒಂದು ಸಲಕ್ಕೆ ಒಂದೇ ಚಿತ್ರ, ಮತ್ತೆ ಮೂವತ್ತು ಸೆಕೆಂಡು ಸುಮ್ಮನೆ. ಈ ಮೂವತ್ತು ಸೆಕೆಂಡು ಸೆಲ್ ಉಳಿಸಲಿಕ್ಕಲ್ಲ, ಪ್ರಾಣಿ ತನ್ನ ದಾರಿಯಲ್ಲಿ ಹೋಗಲಿಕ್ಕೆ. ಫ್ಲ್ಯಾಶ್ ಬಿದ್ದ ಮೇಲೆ ಹತ್ತು ದಿನದೊಳಗೆ ಅದೇ ಪ್ರಾಣಿ ಅದೇ ದಾರಿಗೆ ಬಾರದಿದ್ದರೆ ಫ್ಲ್ಯಾಶ್ ಕೀಳಬೇಕು, 940ರ ಕ್ಯಾಮೆರಾ ಮಾತ್ರ ಇಡಬೇಕು. ಪುನುಗು ಫ್ಲ್ಯಾಶಿಗೆ ಕ್ಯಾರೇ ಅನ್ನುವುದಿಲ್ಲ. ಚಿರತೆ ಎರಡು ಸಲ ದಾರಿ ಬದಲಿಸಿತು. ಆ ಎರಡು ಕಡೆಯೂ ಫ್ಲ್ಯಾಶ್ ಮತ್ತೆ ಇಟ್ಟಿಲ್ಲ. ಬೆಳಗಿನ ಆರು ಗಂಟೆಯ ಮಬ್ಬಿನಲ್ಲಿ ಫ್ಲ್ಯಾಶ್ ಚಿತ್ರದ ಹಿಂದೆ ಇನ್ನೊಂದು ನೆರಳು ಮೂಡುತ್ತದೆ. ಆದ್ದರಿಂದ ಐದೂವರೆಗೇ ಬಂದ್ ಆಗುವ ಹಾಗೆ ಮಾಡಿದೆ. ಆ ಸರ್ಕ್ಯೂಟ್ ನನ್ನ ಹತ್ತಿರವೇ ಇರಲಿ, ಎಂಟು ತಿಂಗಳ ಕೆಲಸ ಅದು.

ಕರಾವಳಿಯ ಮಳೆ, ಸೆಕೆ, ಇರುವೆ ಈ ಮೂರೂ ಕ್ಯಾಮೆರಾದ ಶತ್ರುಗಳು. ಸೆನ್ಸರ್ ನೋಡುವುದು ಬಿಸಿಯ ವ್ಯತ್ಯಾಸವನ್ನು. ಏಪ್ರಿಲ್-ಮೇ ಮಧ್ಯಾಹ್ನ ಗಾಳಿಯೇ ಪ್ರಾಣಿಯ ಮೈಯ ಬಿಸಿಗೆ ಹತ್ತಿರ ಬಂದಾಗ ಅದು ಕುರುಡಾಗುತ್ತದೆ, ಬಿಸಿಲು ಬಿದ್ದ ಎಲೆ ಅಲುಗಿದರೆ ಸಾವಿರ ಖಾಲಿ ಚಿತ್ರ ತೆಗೆಯುತ್ತದೆ. ಕ್ಯಾಮೆರಾ ಮುಖ ಉತ್ತರಕ್ಕೆ ಇರಲಿ. ಪ್ರಾಣಿ ಎದುರಿಗೆ ಬಂದರೆ ಸೆನ್ಸರಿಗೆ ಗೊತ್ತಾಗುವುದು ತಡ, ಅಡ್ಡ ದಾಟಿದರೆ ಬೇಗ. ದಾರಿಗೆ ಓರೆಯಾಗಿ, ಎರಡೂವರೆ ಮೂರು ಮೀಟರ್ ದೂರದಲ್ಲಿ ಇಟ್ಟರೆ ಸರಿ. ಎತ್ತರ ಚಿರತೆಗೆ ಮೊಣಕಾಲಿನಷ್ಟು, ಪುನುಗಿಗೆ ಒಂದಡಿ, ಬರಿಂಕಕ್ಕೆ ಒಂದು ಗೇಣು ಸಾಕು. ಜೇಡ ಮುಂದೆ ಒಂದೇ ಎಳೆ ಕಟ್ಟಿದರೂ ಇಡೀ ಚಿತ್ರ ಬಿಳಿ. ಹುಲ್ಲು ಕೊಯ್ಯಲು ಕತ್ತಿ ಬೇಡ. ಅಡ್ಡ ಬಂದ ನಾಲ್ಕು ಎಸಳು ಕೈಯಲ್ಲಿ ಮಡಚಿದರೆ ಸಾಕು. ಕತ್ತಿಯಲ್ಲಿ ಸವರಿದ ಜಾಗ ದೂರದಿಂದಲೇ ಕಾಣುತ್ತದೆ, ನಿಮ್ಮ ದಾರಿ ಉರುಳಿನವನ ದಾರಿ ಆಗುತ್ತದೆ.

ಮಳೆಗೆ ಕಂಪನಿಯ ಪ್ಲಾಸ್ಟಿಕ್ ಮಾಡು ಕೊಂಡು ಸಾವಿರದ ಇನ್ನೂರು ಕಳೆದುಕೊಂಡೆ, ಅದರ ಮೇಲೆ ಹನಿ ಬೀಳುವ ಸದ್ದಿಗೆ ಬರಿಂಕ ಹತ್ತಿರ ಬರಲಿಲ್ಲ. ಕೊನೆಗೆ ಉಳಿದದ್ದು ಅಡಿಕೆ ಹಾಳೆ. ಒದ್ದೆ ಮಾಡಿ ಮಡಚಿ ಕ್ಯಾಮೆರಾಕ್ಕೆ ಒಂದು ಮುಟ್ಟಾಳೆ (ಹಾಳೆಯ ಟೋಪಿ) ಇಟ್ಟ ಹಾಗೆ ಕಟ್ಟಿದರೆ ಸದ್ದೂ ಇಲ್ಲ, ಹೊಳಪೂ ಇಲ್ಲ, ಒಂದು ತಿಂಗಳು ಬಾಳುತ್ತದೆ. ಮರಕ್ಕೆ ಮೊಳೆ ಹೊಡೆಯುವ ಬದಲು ಸೈಕಲ್ ಟ್ಯೂಬಿನ ಪಟ್ಟಿ. ಪಟ್ಟಿಯ ಎರಡೂ ತುದಿಗೆ ವ್ಯಾಸಲಿನ್ ಸವರದಿದ್ದರೆ ಇರುವೆ ಪೆಟ್ಟಿಗೆಯೊಳಗೆ ಮೊಟ್ಟೆ ಇಡುತ್ತದೆ. ಸಿಲಿಕಾ ಜೆಲ್ ಜುಲೈಯಲ್ಲಿ ಐದು ದಿನಕ್ಕೆ ಬಣ್ಣ ಬಿಡುತ್ತದೆ, ಹಂಚಿನಲ್ಲಿ ಸಣ್ಣ ಬೆಂಕಿಯಲ್ಲಿ ಹುರಿದು ಮತ್ತೆ ಹಾಕಬೇಕು. ಬೆವರು ಮೆತ್ತಿದ ಕೈಯಲ್ಲಿ ಬೆಲ್ಟ್ ಮುಟ್ಟಬೇಡಿ, ಆ ಉಪ್ಪಿಗೆ ಮುಳ್ಳುಹಂದಿ ಕಡಿಯುತ್ತದೆ.

ಜಾಗ ಹುಡುಕುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಎರೆ ಬೇಡದಿರುವುದು ಇದರಿಂದಲೇ. ತಾಳೆ ಜಾತಿಯ ಬೈನೆ ಮರದ ಗೊನೆ ಹಣ್ಣಾಗಿ ಉದುರುವಾಗ ಪುನುಗು ಪ್ರತಿರಾತ್ರಿ ಅಲ್ಲಿಗೆ ಬರುತ್ತದೆ, ಮರವೇ ಉದುರಿಸಿದ ಹಣ್ಣನ್ನು ನಾವು ಮುಟ್ಟುವುದಿಲ್ಲ, ರಾಶಿ ಹಾಕುವುದೂ ಇಲ್ಲ. ಒಂದೇ ಕಲ್ಲಿನ ಮೇಲೆ ಬೀಜ ತುಂಬಿದ ಹಿಕ್ಕೆ ಮತ್ತೆ ಮತ್ತೆ ಕಂಡರೆ ಆ ದಾರಿ ಖಚಿತ. ನೀರುನಾಯಿಗೆ ಹೊಳೆಯ ನಡುವಿನ ಬಂಡೆ ನೋಡಬೇಕು. ಹಿಕ್ಕೆಯಲ್ಲಿ ಮೀನಿನ ಮುಳ್ಳು, ಏಡಿ ಚಿಪ್ಪಿನ ಚೂರು, ಹಸಿ ಮೀನಿನ ನಾತ. ಮರಿ ಇರುವ ಬಿಲದ ಹತ್ತಿರ ಮಾತ್ರ ಕ್ಯಾಮೆರಾ ಬೇಡ, ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬಿಡುತ್ತದೆ. ತೋಡಿನ ಸಂಕದ (ಕಾಲುಸೇತುವೆಯ) ಬಳಿ ಎಲ್ಲಿ ಇಟ್ಟರೆ ಚಿರತೆ ತಪ್ಪದೆ ಸಿಗುತ್ತದೆ ಎಂಬುದು ಗೊತ್ತು, ಆದರೆ ಬರೆಯುವುದಿಲ್ಲ. ಉರುಳು ಹಾಕುವವರೂ ಕನ್ನಡ ಓದುತ್ತಾರೆ.

ನಡುವೆ ಒಂದು ಅಡ್ಡ ಪ್ರಯೋಗ. ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಮೀನಿಗೆ ಇಡುವ ಬಿದಿರಿನ ಕೂಳಿಯೊಳಗೆ ಸಣ್ಣ ಆ್ಯಕ್ಷನ್ ಕ್ಯಾಮೆರಾ ಕಟ್ಟಿ ನೋಡಿದೆ. ಕೆಸರು ನೀರಿನಲ್ಲಿ ಒಂದು ಗೇಣಿನ ಆಚೆ ಏನೂ ಕಾಣದು. ದೀಪ ಹಾಕಿದರೆ ಸಣ್ಣ ಮೀನು ದೀಪಕ್ಕೇ ಮುತ್ತಿ ಕೂಳಿ ತುಂಬಿತು, ಅಂದರೆ ದೀಪವೇ ಎರೆಯಾಯಿತು. ಬಿಟ್ಟೆ. ಈಗ ಕೂಳಿ ಎತ್ತುವಾಗಿನ ಚಿತ್ರ ಮಾತ್ರ: ಮುಗುಡು ಮೀನನ್ನು ಒದ್ದೆ ಕೈಯಲ್ಲಿ ನೀರಿನ ಮಟ್ಟದಲ್ಲೇ ಹಿಡಿದು ಹತ್ತು ಸೆಕೆಂಡು, ಮೊಟ್ಟೆ ತುಂಬಿದ್ದರೆ ಚಿತ್ರವೂ ಬೇಡ, ಕೂಡಲೇ ನೀರಿಗೆ.

ಉರುಳು ಕಂಡರೆ ಮಾಡಬೇಕಾದದ್ದು. ಕೈಹಾಕಿ ಎಳೆಯಬೇಡಿ. ಮೊದಲು ದೂರದಿಂದ ಒಂದು ಚಿತ್ರ, ಸುತ್ತಲಿನ ಮರ, ಬೇಲಿ ಕಾಣುವಂತೆ. ಮತ್ತೆ ಗಂಟು, ಗೂಟ, ತಂತಿಯ ದಪ್ಪ ಹತ್ತಿರದಿಂದ, ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯ ಇಟ್ಟು. ಅದರ ಅಗಲ 27 ಮಿಲಿಮೀಟರ್, ಅಳತೆಗೆ ಆಗುತ್ತದೆ. ಮೊಬೈಲಿನ ಲೊಕೇಶನ್ ಆನ್ ಇರಲಿ. ಅಲ್ಲಿಂದಲೇ ಅರಣ್ಯ ಸಹಾಯವಾಣಿ 1926ಕ್ಕೆ ಕರೆ. ಒಂದು ಉರುಳು ಇದ್ದಲ್ಲಿ ಅದೇ ಬೇಲಿಯ ಉದ್ದಕ್ಕೆ ಇನ್ನೂ ಇರುತ್ತವೆ, ಬೇಲಿಯ ಕಂಡಿಗಳನ್ನೆಲ್ಲ ನೋಡಬೇಕು.

ಉರುಳಿನಲ್ಲಿ ಪ್ರಾಣಿ ಇದ್ದರೆ ಚಿತ್ರ ಬೇಡ. ಇದರಲ್ಲಿ ರಾಜಿ ಇಲ್ಲ. ಚಿರತೆಗೆ ಉರುಳು ಹೆಚ್ಚಾಗಿ ಬೀಳುವುದು ಸೊಂಟಕ್ಕೆ, ತಲೆ ಮುಂಗಾಲು ದಾಟಿದ ಮೇಲೆ. ಜನ ಹತ್ತಿರ ಬಂದಷ್ಟೂ ಅದು ಹಾರುತ್ತದೆ, ಹಾರಿದಷ್ಟೂ ತಂತಿ ಚರ್ಮ ಕೊಯ್ದು ಒಳಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಸೆಣಸಿ ಸೆಣಸಿ ಸ್ನಾಯು ಒಳಗೇ ಒಡೆದು, ಅದರ ವಿಷ ರಕ್ತ ಸೇರಿ ಮೂತ್ರಪಿಂಡ ಕೆಡಿಸುತ್ತದೆ. ಬಿಡಿಸಿ ಕಾಡಿಗೆ ಬಿಟ್ಟ ಪ್ರಾಣಿ ಕೆಲವು ದಿನ ಕಳೆದು ಸಾಯುವುದು ಇದರಿಂದ. ಬಾವಿಗೆ ಬಿದ್ದ ಚಿರತೆಗೂ ಇದೇ ಮಾತು. ಕಟ್ಟೆಗೆ ಬಗ್ಗಿ ಫ್ಲ್ಯಾಶ್ ಹೊಡೆಯುವ ನಲವತ್ತು ಮೊಬೈಲುಗಳ ನಡುವೆ ಅದು ಈಜಿ ಸುಸ್ತಾಗುತ್ತದೆ. ಕ್ಯಾಮೆರಾ ಇದ್ದವರ ಮಾತನ್ನು ಜನ ಸ್ವಲ್ಪ ಕೇಳುತ್ತಾರೆ. ಕ್ಯಾಮೆರಾ ಚೀಲದೊಳಗೆ ಹಾಕಿ ಜನರನ್ನು ಹಿಂದೆ ಸರಿಸಿ, ಟಾರ್ಚ್ ಆರಿಸಲು ಹೇಳಿ. ಇಲಾಖೆಯವರು ಬರುವ ತನಕ ಅದು ಕಾಲೂರಲು ಒಂದು ಮರದ ತುಂಡು ಹಗ್ಗದಲ್ಲಿ ಇಳಿಸಿದರೆ ಸಾಕು.

ಕಾರ್ಡಿನಲ್ಲಿ ಮನುಷ್ಯರೂ ಬರುತ್ತಾರೆ. ಸೊಪ್ಪು ತರುವ ಹೆಂಗಸರು, ತೋಡಿನಲ್ಲಿ ಮೀಯುವವರು. ಅವರ ಚಿತ್ರಗಳನ್ನು ಅಲ್ಲೇ ಅಳಿಸಬೇಕು, ಯಾರಿಗೂ ತೋರಿಸಬಾರದು. ಕ್ಯಾಮೆರಾ ಇದೆ ಎಂದು ತೋಟದ ಮನೆಯವರಿಗೂ ಕೆಲಸದವರಿಗೂ ಮೊದಲೇ ಹೇಳಿರಬೇಕು. ಮಾಲೀಕರ ಒಪ್ಪಿಗೆ ಇರುವ ಖಾಸಗಿ ಜಾಗ ಬಿಟ್ಟು ಮೀಸಲು ಅರಣ್ಯಕ್ಕೆ ಕಾಲಿಡಬಾರದು. ಸೋಮೇಶ್ವರ, ಮೂಕಾಂಬಿಕಾದಂಥ ಅಭಯಾರಣ್ಯದಲ್ಲಾದರೆ ಕಾಯ್ದೆಯ 28ನೇ ಕಲಮಿನಂತೆ ಅನುಮತಿ ಬೇಕು. ಹೆಡ್‌ಲ್ಯಾಂಪ್ ಕಟ್ಟಿ ಕೋವಿ ಹಿಡಿದವರು ಕಾರ್ಡಿನಲ್ಲಿ ಕಂಡರೆ ಮಾತ್ರ ಬೇರೆ ಕ್ರಮ. ಕ್ರಾಪ್ ಮಾಡಬಾರದು, ಹೆಸರು ಬದಲಿಸಬಾರದು, ಊರಿನ ಗುಂಪಿಗೆ ಹಾಕಬಾರದು. ಮೂಲ ಕಾರ್ಡನ್ನೇ ಲಕೋಟೆಯಲ್ಲಿ ವಲಯ ಅರಣ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು, ತಿದ್ದಿದ ಫೈಲಿಗೆ ಅದನ್ನು ಬರೆದುಕೊಡಲು ಆಗುವುದಿಲ್ಲ.

ಹಂಚುವಾಗ ತಾಲೂಕಿನ ಹೆಸರಿಗಿಂತ ಹತ್ತಿರದ ಜಾಗ ಹೇಳುವುದಿಲ್ಲ, ಆರು ತಿಂಗಳು ಕಳೆಯದೆ ಹಾಕುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಕಳಿಸಿದರೆ ಜಾಗದ ಮಾಹಿತಿ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷಾಂಶ ರೇಖಾಂಶ ಸಹಿತ ಹೋಗುತ್ತದೆ. ಚಿಪ್ಪುಹಂದಿಯ ಚಿತ್ರವನ್ನಂತೂ ಹಂಚುವುದೇ ಇಲ್ಲ.

ಹಂಚದ ಚಿತ್ರಗಳಲ್ಲಿ ಒಂದು ಹೆಣ್ಣು ಚಿರತೆಯದು. ಸೊಂಟದ ಸುತ್ತ ಬೆರಳಗಲದ ಬೋಳು ಗೆರೆ, ಎಡಬದಿಯಲ್ಲಿ ಅದು ಹಸಿ ಕೆಂಪು. ತಂತಿ ಕಡಿದು ತಪ್ಪಿಸಿಕೊಂಡದ್ದು. ಚಿತ್ರ, ತಾರೀಕು, ಹೊತ್ತು ಇಲಾಖೆಗೆ ಹೋಯಿತು, ಫ್ಲ್ಯಾಶ್ ಕಿತ್ತು 940ರ ಕ್ಯಾಮೆರಾವನ್ನು ಹತ್ತು ಸೆಕೆಂಡಿನ ವಿಡಿಯೋಕ್ಕೆ ಬದಲಿಸಿದೆ. ನಡಿಗೆ ನೋಡಲು ಚಿತ್ರಕ್ಕಿಂತ ವಿಡಿಯೋ ಒಳ್ಳೆಯದು. ಮೊದಲ ವಿಡಿಯೋದಲ್ಲಿ ಹಿಂಗಾಲು ಎಳೆಯುತ್ತಿತ್ತು. ಹನ್ನೊಂದು ದಿನ ಕಳೆದು ಎರಡನೆಯದರಲ್ಲಿ ಕಾಲು ಊರುತ್ತದೆ. ಎರಡು ತಿಂಗಳ ನಂತರದ್ದರಲ್ಲಿ ಗೆರೆಯ ಮೇಲೆ ಮಸುಕು ರೋಮ ಬಂದಿದೆ, ಸಂಕ ದಾಟುವಾಗ ಎರಡೂ ಹಿಂಗಾಲು ಸಮನಾಗಿ ಬೀಳುತ್ತವೆ.